ಕ್ಯಾಲೆಂಡರಿನಲ್ಲಿ ಕೂತಿರುವ ಏಳು

ಹಾಲಿನ ಲೆಕ್ಕ, ಅಮಾವಾಸ್ಯೆ, ಗ್ಯಾಸ್ ಬಂದ ದಿನ, ನಮ್ಮ ಕವಲಂದೆ ಕಡೆ ಎಲ್ಲಕ್ಕೂ ಗೋಡೆ ಮೇಲಿನ ಕ್ಯಾಲೆಂಡರೇ ಗತಿ. ಅದರೊಳಗೆ ಬೀಜಗಣಿತವೂ ಇದೆ ಅಂತ ತೋರಿಸಿದ್ದು ಪಕ್ಕದ ಮನೆ ಹುಡುಗಿ. "ದೊಡ್ಡಮ್ಮ, ಯಾವುದಾದ್ರೂ ನಾಲ್ಕು ಮನೆ ಚೌಕ ಹಿಡ್ಕೊಳ್ಳಿ, ಮೂಲೆಯಿಂದ ಮೂಲೆಗೆ ಗುಣಿಸಿ" ಅಂದಳು ಬೇಲಿ ಆಚೆಯಿಂದ.

10, 11, 17, 18 ಹಿಡಿದೆವು. 10×18 ಅಂದ್ರೆ 180. 11×17 ಅಂದ್ರೆ 187. ವ್ಯತ್ಯಾಸ ಏಳು. ತಿಂಗಳು ಬದಲಾಯಿಸಿ, ಚೌಕ ಬದಲಾಯಿಸಿ, ಆ ಏಳು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ! ವಾರಗಳನ್ನ ಮೇಲೆ ಅಡ್ಡಕ್ಕೆ ಬರೆದಿರಲಿ, ಪಕ್ಕದಲ್ಲಿ ಉದ್ದಕ್ಕೆ ಬರೆದಿರಲಿ, ಅಷ್ಟೇ. ಮೊದಲ ಮನೆಯನ್ನ ಎಕ್ಸ್ ಅಂದುಕೊಂಡರೆ ಉಳಿದವು ಎಕ್ಸ್+1, ಎಕ್ಸ್+7, ಎಕ್ಸ್+8. ಗುಣಿಸಿದಾಗ ಎರಡು ಕಡೆಯೂ ಎಕ್ಸ್ ವರ್ಗ, ಎಂಟು ಎಕ್ಸ್ ಬಂದು ಒಂದಕ್ಕೊಂದು ವಜಾ ಆಗ್ತವೆ. ಕೊನೆಗೆ ಒಂದು ಕಡೆ ಉಳಿಯೋದು ಒಂದೇಳ್ಲೆ ಏಳು. ವಾರಕ್ಕೆ ಏಳು ದಿನ ಅಲ್ವಾ?

ಚೌಕ ಅಂದ ತಕ್ಷಣ ನನಗೆ ರಂಗೋಲಿ ನೆನಪಾಗುತ್ತೆ. ಧನುರ್ಮಾಸದಲ್ಲಿ ಅಮ್ಮ ಚಳಿಗೆ ಮುದುರಿಕೊಂಡೇ "15ರಿಂದ 8, ಎಡೆಚುಕ್ಕಿ" ಇಡೋರು. ನಡುವಿನ ಸಾಲಲ್ಲಿ 15 ಚುಕ್ಕಿ, ಮೇಲೂ ಕೆಳಗೂ ಒಂದೊಂದೇ ಇಳಿದು 8ಕ್ಕೆ ನಿಲ್ಲುತ್ತೆ. ಒಟ್ಟು ಎಷ್ಟು ಚುಕ್ಕಿ ಅಂತ ಎಣಿಸುತ್ತಾ ಕೂರಬೇಕಿಲ್ಲ. ಕೊನೆ ಸಾಲಿನ 8, ಅದಕ್ಕಿಂತ ಒಂದು ಕಡಿಮೆ 7, ಎರಡನ್ನೂ ಗುಣಿಸಿ, ಮೂರರಷ್ಟು ಮಾಡಿ, ಒಂದು ಸೇರಿಸಿ: 169. 7ರಿಂದ 4 ಇಟ್ಟರೂ ಇದೇ ಸೂತ್ರ, 37. ಆದರೆ ಈ 169 ಇದೆಯಲ್ಲ, ಅದು 13×13! ಆರು ಮೂಲೆಯ ರಂಗೋಲಿಯ ಚುಕ್ಕಿಗಳನ್ನೆಲ್ಲ ಒಂದೂ ಮಿಗದ ಹಾಗೆ ಚೌಕವಾಗಿ ಜೋಡಿಸಬಹುದು. ಎಂಥ ಚೆಂದ ಅಲ್ವಾ?

ಸೂತ್ರ ಅಂದ್ರೆ ಇಂಗ್ಲಿಷಿನ ಸೊತ್ತು ಅಂತ ಯಾರೂ ಹೆದರೋದು ಬೇಡ. 12ನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನ ಕನ್ನಡದಲ್ಲಿ ಬರೆದಿದ್ದಾನೆ.

ಕ್ಯಾಲೆಂಡರಿಗೇ ಬರೋಣ. ಒಂಬತ್ತು ಮನೆ ಚೌಕ ಹಿಡಿದರೆ ಮೊತ್ತ ಯಾವಾಗಲೂ ನಡುಮನೆಯ ಒಂಬತ್ತರಷ್ಟು. ನಡುವೆ 17 ಇದ್ದರೆ 153, ಕೂಡಿ ನೋಡಿ. 1ರಿಂದ 100ರ ಪಟ್ಟಿಯಲ್ಲಿ ಸಾಲಿಗೆ ಹತ್ತು ಮನೆ, ಅಲ್ಲಿ ನಾಲ್ಕು ಮನೆಯ ವ್ಯತ್ಯಾಸ ಹತ್ತು. ಮಗ್ಗಿ ಪುಸ್ತಕದ ಕಥೆಯೇ ಬೇರೆ. ಏಳರ ಮಗ್ಗಿ, ಎಂಟರ ಮಗ್ಗಿ ಅಕ್ಕಪಕ್ಕ ಇಟ್ಟು 42, 48, ಕೆಳಗಿನ 49, 56 ತಗೊಳ್ಳಿ. 42×56 ಮಾಡಿದರೂ 2352, 48×49 ಮಾಡಿದರೂ 2352. ಎರಡರೊಳಗೂ ಇರೋದು ಅದೇ 6, 7, 7, 8 ತಾನೇ! ಮನೆಯಲ್ಲಿ ಮಗ್ಗಿ ಉರು ಹೊಡೆಯೋ ಮಗು ಇದ್ದರೆ ಇವತ್ತೇ ಇದನ್ನ ಮಾಡಿಸಿ ನೋಡಿ.