ಅವ್ನು ಏನೂ ತಿನ್ನಲ್ರೀ

ಬಳ್ಳಾರಿಯ ರಾಯಲ್ ಸರ್ಕಲ್ ಸುತ್ತಮುತ್ತಲಿನ ಯಾವ ಊಟದ ಹೋಟೆಲ್ಲಿಗೇ ಹೋಗಿ, ಭಾನುವಾರ ಮಧ್ಯಾಹ್ನ ಇವರು ಸಿಕ್ಕೇ ಸಿಗುತ್ತಾರೆ. ಹೆಂಡತಿಯ ಬಗಲಲ್ಲೊಂದು ಕೂಸು, ಇವರ ಕಿರುಬೆರಳು ಹಿಡಿದು ಇನ್ನೊಂದು. ಗಲ್ಲಾದ ಮುಂದೆ ನಿಂತು ಎರಡೇ ಬೆರಳು ಎತ್ತುತ್ತಾರೆ: "ಎರಡು ಊಟ." ಸಾಹುಕಾರರು ಕನ್ನಡಕದ ಮೇಲಿಂದ ಹುಡುಗನನ್ನು ನೋಡುತ್ತಾರೆ. ಹುಡುಗ ದುಂಡುದುಂಡಗಿದ್ದಾನೆ.

"ಅವ್ನು ಏನೂ ತಿನ್ನಲ್ರೀ. ಬೆಳಿಗ್ಗಿಂದ ಬರೇ ಹಾಲು."

'ಒಂದು ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ' ಎಂಬ ಬೋರ್ಡು ಗೋಡೆಯ ಮೇಲಿರುತ್ತದೆ. ಅದನ್ನು ಬರೆಸಿದ್ದೇ ಇವರಿಗಾಗಿ. ಇವರು ಹುಡುಕಿಕೊಂಡು ಹೋಗಿ ಅದರ ಕೆಳಗೇ ಕೂರುತ್ತಾರೆ, ಅಲ್ಲಿಂದ ಅದು ಕಾಣುವುದಿಲ್ಲ.

ಊಟ ಬರುತ್ತದೆ. ಏನೂ ತಿನ್ನದ ಹುಡುಗ ಮೊದಲು ಹಪ್ಪಳ ಮುಗಿಸುತ್ತಾನೆ, ಆಮೇಲೆ ಅವ್ವನ ಹಪ್ಪಳ. ಬಳ್ಳಾರಿಯ ಊಟಕ್ಕೆ ಆಂಧ್ರದ ಗಾಳಿ. ಪಪ್ಪು, ಪುಡಿ, ತುಪ್ಪ ಬಂದ ಮೇಲೆ ಅನ್ನ ಎಷ್ಟಿದ್ದರೂ ಸಾಲದು. ಅಪ್ಪನ ತಟ್ಟೆಯ ಗುಡ್ಡ ಒಂದು ಕಡೆಯಿಂದ ಕರಗುತ್ತದೆ, ಅಪ್ಪನ ಕಡೆಯಿಂದ ಅಲ್ಲ. ಅನ್ನದ ಬಕೆಟ್ಟು ಮೂರನೇ ಸಲ ಬಂದಾಗ ಸಪ್ಲಯರ್ ಸೌಟು ತಡೆದು ನಿಲ್ಲುತ್ತಾನೆ. "ಹಾಕಪ್ಪಾ, ನನಗೇ," ಎನ್ನುತ್ತಾರೆ ಇವರು. ಅಷ್ಟರಲ್ಲಿ ಕೂಸು ಉಪ್ಪಿನ ಡಬ್ಬಿಯನ್ನು ನೀರಿನ ಲೋಟಕ್ಕೆ ಸುರಿದು, ಲೋಟವನ್ನು ಪಕ್ಕದ ಟೇಬಲ್ಲಿನವರ ಬಿಳಿ ಪ್ಯಾಂಟಿಗೆ ದಾಟಿಸಿರುತ್ತದೆ. ಇವರು ನಗುತ್ತಾ, "ಮಕ್ಳು ಅಂದ್ರ ಹಂಗ ಅಲ್ಲೇನ್ರೀ." ಪ್ಯಾಂಟಿನವರು ಹೌದೆನ್ನಬೇಕು. ಬೇರೆ ದಾರಿ ಏನಿದೆ?

ದಕ್ಷಿಣ ಕೊರಿಯಾದಲ್ಲಿ 'ಇಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ' ಎನ್ನುವ ಹೋಟೆಲ್ಲುಗಳಿವೆ. ಜೆಜು ದ್ವೀಪದ ಒಂದು ಹೋಟೆಲ್ಲು 13 ವರ್ಷದೊಳಗಿನವರನ್ನು ಹೊರಗಿಟ್ಟದ್ದು ತಾರತಮ್ಯವೆಂದು 2017ರಲ್ಲಿ ಅಲ್ಲಿನ ಮಾನವ ಹಕ್ಕುಗಳ ಆಯೋಗವೇ ಹೇಳಬೇಕಾಯಿತು. ನಮ್ಮ ಕಡೆ ಆ ತಂಟೆ ಇಲ್ಲ. ಮಗು ಬರಲಿ, ಅಳಲಿ, ಟೇಬಲ್ಲಿನ ಕೆಳಗೆ ಬಸ್ಸು ಓಡಿಸಲಿ, ಸಾಹುಕಾರರು ಹೊರಗೆ ಹೋಗು ಅನ್ನುವುದಿಲ್ಲ. ಸಪ್ಲಯರ್ ಅದನ್ನು ಎತ್ತಿಕೊಂಡು ಗಲ್ಲಾದ ಸೋಂಪು ತಿನ್ನಿಸಿ ಬರುತ್ತಾನೆ. ಜಗಳವೇನಿದ್ದರೂ ತಲೆ ಎಣಿಕೆಯದ್ದು.

ಎಣಿಕೆಯಲ್ಲಿ ಇವರು ಪಂಡಿತರು. ಸರ್ಕಾರಿ ಬಸ್ಸಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆಮೇಲೆ ಹನ್ನೆರಡರವರೆಗೆ ಅರ್ಧ. ಹೀಗಾಗಿ ಹುಡುಗನಿಗೆ ಎಷ್ಟೋ ವರ್ಷದಿಂದ ಐದೂವರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲಂತೂ ನಾಲ್ಕು ಜನರ ಸಂಸಾರ ಒಂದೇ ಟಿಕೆಟ್ಟಿನಲ್ಲಿ ಸಿರುಗುಪ್ಪ ಮುಟ್ಟುತ್ತದೆ. "ಮೀಸೆ ಒಂದು ಬರಾದು ಬಾಕಿ ಐತಿ," ಎಂದು ಕಂಡಕ್ಟರ್ ಗೊಣಗಿದರೆ ಇವರು ಕಿಟಕಿಯಾಚೆಯ ಭತ್ತದ ಗದ್ದೆ ತೋರಿಸಿ ಈ ಸಲದ ಸೋನಾ ಮಸೂರಿ ರೇಟು ಕೇಳುತ್ತಾರೆ.

ಅದೇ ಹುಡುಗನನ್ನು ಒಂದನೇ ತರಗತಿಗೆ ಹಾಕುವಾಗ ನೋಡಬೇಕಿತ್ತು. ಜೂನ್ 1ಕ್ಕೆ ಆರು ತುಂಬಿರಬೇಕೆಂಬ ನಿಯಮವನ್ನು 2025ರಲ್ಲಿ ಸರ್ಕಾರ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತಲ್ಲ, ಅದಕ್ಕೂ ಮೊದಲೇ ಇವರು ಶಾಲೆಯ ಮೇಷ್ಟ್ರ ಮುಂದೆ ಹುಡುಗನನ್ನು ನಿಲ್ಲಿಸಿ, "ಆರು ದಾಟಿ ಎಷ್ಟು ದಿನ ಆತು, ಎತ್ತರ ನೋಡ್ರೀ ಸಾರ್," ಎಂದು ವಾದಿಸಿದ್ದರು. ಮನೆಗೆ ಹೋಗುವ ಬಸ್ಸು ಹತ್ತಿದ ಕೂಡಲೇ ಮತ್ತೆ ಐದೂವರೆ.

ಕುರುಗೋಡಿನ ಮದುವೆಯ ಪಂಕ್ತಿಯಲ್ಲಿ ಮಾತ್ರ ಹುಡುಗ ದೊಡ್ಡ ಮನುಷ್ಯ. ದೊಡ್ಡಬಸವೇಶ್ವರನಿಗೆ ಕೈಮುಗಿದು ಬಂದು ಕೂತವನಿಗೆ ಬೇರೆ ಎಲೆ, ಬಗಲಿನ ಕೂಸಿಗೂ ಬೇರೆ ಎಲೆ. ಹೋಳಿಗೆ ಬಡಿಸುವವರು ಮುಂದೆ ಹೋದರೆ ಇವರು ಎದ್ದುನಿಂತು ಕೂಗುತ್ತಾರೆ: "ಏ, ಇಲ್ಲಿ ಇನ್ನೆರಡು ಎಲಿ ಐತಿ! ಹುಡುಗ್ರು ಅಂತ ಬಿಟ್ಟು ಹೋಗ್ತೀರೇನು?"

ನನಗೆ ಇವರ ಮೇಲೆ ಸಿಟ್ಟಿಲ್ಲ. ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿ ತಾವಷ್ಟೇ ಉಂಡುಬರುವವರಿಗಿಂತ ಇವರು ವಾಸಿ. ಸಿಟ್ಟು ಬರುವುದು ಆ ತಟ್ಟೆಯ ಬಗ್ಗೆ. ಹುಡುಗನಿಗೆ ಹಸಿವಿದೆ, ಆದರೆ ಅವನ ಮುಂದೆ ತಟ್ಟೆ ಇಲ್ಲ. ಸಪ್ಲಯರ್ ಬಂದಾಗಲೆಲ್ಲ ಕೈ ಹಿಂದಕ್ಕೆ ಎಳೆದುಕೊಂಡು ಬಾಯಲ್ಲಿದ್ದುದನ್ನು ಅಗಿಯದೆ ಕೂರಬೇಕು.

ಹೋಟೆಲ್ ಮಾಲೀಕರಲ್ಲಿ ಒಂದು ವಿನಂತಿ. ಬಸ್ಸಿನವರ ಹಾಗೆ ನೀವೂ ಮಕ್ಕಳಿಗೆ ಅರ್ಧ ಊಟದ ಟೋಕನ್ ಇಡಿ, ಸಣ್ಣ ತಟ್ಟೆ ಕೊಡಿ, ಹಪ್ಪಳ ಮಾತ್ರ ಇಡೀದು ಹಾಕಿ. ವಯಸ್ಸನ್ನು ಅಪ್ಪನ ಹತ್ತಿರ ಕೇಳಬೇಡಿ, ಹುಡುಗನನ್ನೇ ಕೇಳಿ.