‘ಸೋಲಾರ್ ಪಾರ್ಕ್’ ಎಂದು ಹೆಸರಿಟ್ಟವರಿಗೆ



ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು. ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಎದ್ದಿರುವ 2,050 ಮೆಗಾವ್ಯಾಟ್ ಸೌರವಿದ್ಯುತ್ ಯೋಜನೆಗೆ ‘ಶಕ್ತಿಸ್ಥಳ’ ಎಂದೂ ಹೆಸರಿಟ್ಟಿರಿ. ಜನರ ಬಾಯಲ್ಲಿ ಉಳಿದದ್ದು ‘ಸೋಲಾರ್ ಪಾರ್ಕ್’. ಆ ಜೋಡುಪದದ ಎರಡನೆಯ ಅರ್ಧ ನನ್ನನ್ನು ಕಾಡುತ್ತಿದೆ.

ಸೋಲಾರ್ ಬಗ್ಗೆ ತಕರಾರಿಲ್ಲ. ಲ್ಯಾಟಿನ್ನಿನ ‘ಸೋಲ್’ ಅಂದರೆ ಸೂರ್ಯ. ಪಾರ್ಕ್ ಅಂದಾಗ ನಮ್ಮ ಕಣ್ಣಿಗೆ ಬರುವುದು ಕಬ್ಬನ್ ಪಾರ್ಕು: ಮರದ ನೆರಳು, ಕಲ್ಲುಬೆಂಚು, ಯಾರು ಬೇಕಾದರೂ ಹೋಗಿ ಕೂರುವ ಜಾಗ. ಈ ಅರ್ಥ ಈಚಿನದು. ಹಳೆಯ ಫ್ರೆಂಚಿನಿಂದ ಈ ಪದ ಇಂಗ್ಲೆಂಡಿಗೆ ಬಂದದ್ದು 13ನೇ ಶತಮಾನದಲ್ಲಿ. ಆಗ ಅದರ ಅರ್ಥ, ರಾಜನ ಅಪ್ಪಣೆ ಪಡೆದು ಬೇಟೆಯ ಪ್ರಾಣಿಗಳಿಗಾಗಿ ಬೇಲಿ ಸುತ್ತಿದ ನೆಲ.

ಇಂಥ ಯೋಜನೆಗಳಿಗೆ ಇಂಗ್ಲಿಷಿನಲ್ಲಿ ‘ಸೋಲಾರ್ ಫಾರ್ಮ್’ ಎಂದೂ ಹೇಳುತ್ತಾರೆ. ಫಾರ್ಮ್‌ನ ಮೂಲ ಮಧ್ಯಯುಗದ ಲ್ಯಾಟಿನ್ನಿನ ‘ಫಿರ್ಮಾ’, ಅಂದರೆ ಗೊತ್ತುಮಾಡಿದ ಗೇಣಿ ಹಣ. ಆಮೇಲೆ ಗೇಣಿಗೆ ಕೊಟ್ಟ ನೆಲಕ್ಕೆ ಅದೇ ಹೆಸರಾಯಿತು. ಉಳುವ ನೆಲ ಎಂಬ ಅರ್ಥ ಬಂದದ್ದು ಕಟ್ಟಕಡೆಗೆ.

ರಾಯಚರ್ಲಿನಲ್ಲಿ ಈ ಎರಡೂ ಹಳೆಯ ಅರ್ಥಗಳು ಒಟ್ಟಿಗೆ ನಿಜವಾಗಿವೆ. ಜಮೀನು ರೈತರ ಹೆಸರಲ್ಲೇ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಅವರಿಗೆ ಸಲ್ಲುತ್ತದೆ. ಮಳೆ ಕೈಕೊಟ್ಟು ಕಡ್ಲೆಕಾಯಿ ಬಳ್ಳಿ ಒಣಗಿಹೋಗುವ ಸೀಮೆಯಲ್ಲಿ ಇದು ದೊಡ್ಡ ಆಸರೆ, ಅಲ್ಲವೆಂದರೆ ಅನ್ಯಾಯವಾದೀತು.

ಪಹಣಿಯಲ್ಲಿ ಹೆಸರಿಲ್ಲದವರ ಗತಿ ಏನು? ಕಳೆ ತೆಗೆಯಲು, ಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದ ಹೆಂಗಸರಿಗೆ, ಕೊಯ್ದ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗೇಣಿ ಬರುವುದಿಲ್ಲ. ಅವರ ಪಾಲಿಗೆ ಬಂದದ್ದು ಬೇಲಿ. ಪ್ಯಾನೆಲ್ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿದೆ, ಎಲ್ಲರಿಗೂ ಅಲ್ಲ.

ಪ್ಯಾನೆಲ್ ಸಾಲುಗಳ ನಡುವೆ ಹುಲ್ಲು ಬೆಳೆಯುತ್ತದೆ. ಅದನ್ನು ಕುರಿಗಳಿಗೆ ಮೇಯಲು ಬಿಡುವ ಪದ್ಧತಿ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಚೆನ್ನಾಗಿಯೇ ನಡೆಯುತ್ತಿದೆ. ನಮ್ಮ ಕುರಿಗಾರರಿಗೂ ಗೇಟು ತೆರೆಯಿರಿ. ಗೇಣಿ ಬಾರದ ಮನೆಗಳ ಪಟ್ಟಿಯನ್ನು ಐದೂ ಊರುಗಳ ಗ್ರಾಮಸಭೆಯಲ್ಲಿ ಓದಿಸಿ, ಕೆಲಸ ಕೊಡುವಾಗ ಅವರನ್ನು ಮೊದಲು ಕರೆಯಿರಿ.

ಇಂತಿ,
ಪಾವಗಡ ಸೀಮೆಯ ಒಬ್ಬ ಓದುಗ