ಸಿಂಗಲ್ ಓನರ್, ಸೂಪರ್ ಕಂಡೀಷನ್

ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆ ಬದಿಯ ಶೆಡ್ಡಿನಲ್ಲಿ ಹಳೇ ಟ್ರ್ಯಾಕ್ಟರುಗಳು ಹೊಸ ಬಣ್ಣ ಬಳಿದುಕೊಂಡು ಸಾಲಾಗಿ ನಿಂತಿದ್ದವು. ನಡುವೆ ಕೆಎ-16 ಬೋರ್ಡಿನ, 18 ಎಚ್‌ಪಿಯ ಒಂದು ಮಿನಿ. ಬಾನೆಟ್ ಮೇಲೆ ಹೊಸದುರ್ಗದ ಮಾಲೀಕರ ಮನೆದೇವರ ಹೆಸರು. ದಲ್ಲಾಳಿ ಟೀಗೆ ಹೋದ ಹೊತ್ತು ನೋಡಿ ಮಾತಿಗೆಳೆದೆ.

ಪ್ರಶ್ನೆ: ನಿಮ್ಮ ಬೆಲೆ ಎಷ್ಟು?

ಟ್ರ್ಯಾಕ್ಟರ್: ಯಾವತ್ತಿಂದು ಸ್ವಾಮಿ? 2022ರಲ್ಲಿ ಮಾರಿಕಣಿವೆ ಕೋಡಿ ಬಿತ್ತಲ್ಲ, 1933ರ ಮೇಲೆ ಅದೇ ಮೊದಲು. ಇನ್ನು ಹಿರಿಯೂರಿನೋರೆಲ್ಲ ತೋಟ ಕಟ್ತಾರೆ ಅಂತ ನಮ್ಮ ಯಜಮಾನ 20 ಸಾವಿರ ಏರಿಸಿದ. ಭೀಮಸಮುದ್ರದಲ್ಲಿ ರಾಶಿ ಅಡಿಕೆ ರೇಟು ಎದ್ದಾಗ ಇನ್ನೊಂದು 10. ಮಗಳ ಮದುವೆ ಗೊತ್ತಾದ ಮೇಲೆ ಮತ್ತೆ 30. ಅಷ್ಟೂ ದಿನ ನಾನು ಕೊಟ್ಟಿಗೇಲಿ ಬ್ಯಾಟರಿ ಸತ್ತು ನಿಂತಿದ್ದೆ. ನಿಂತಲ್ಲೇ ಬೆಲೆ ಏರೋದು ನಾಯಕನಹಟ್ಟಿ ತೇರಿನ ಮುಕ್ತಿ ಬಾವುಟದ ಹರಾಜಲ್ಲಿ ಮಾತ್ರ ಅನ್ಕೊಂಡಿದ್ದೆ.

ಪ್ರಶ್ನೆ: ಕೊಳ್ಳುವವರಾದರೂ ಲೆಕ್ಕ ಹಾಕಿ ಬರುತ್ತಾರಾ?

ಟ್ರ್ಯಾಕ್ಟರ್: ಪಕ್ಕದ ತೋಟದೋನ ಗಾಡಿ ಎಷ್ಟಕ್ಕೆ ಹೋಯ್ತು ಅಂತ ಕೇಳ್ಕೊಂಡು ಬಂದಿರ್ತಾರೆ. ಅದು ಯಾವ ಇಸವೀದು, ಎಷ್ಟು ಗಂಟೆ ಓಡಿತ್ತು, ಅದನ್ನ ಕೇಳಿರಲ್ಲ.

ಪ್ರಶ್ನೆ: ನಿಮ್ಮ ಮೀಟರಿನಲ್ಲಿ 612 ಗಂಟೆ ತೋರಿಸ್ತಿದೆ.

ಟ್ರ್ಯಾಕ್ಟರ್: ಮೂರು ವರ್ಷದಿಂದ ಅದೇ ತೋರಿಸ್ತೈತೆ. ಕೇಬಲ್ ಕಿತ್ತವ್ರೆ. ಹಿಂದಿನೋರು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡ್ತಿದ್ದಂಗೆ ನೀವು ನನ್ನ ಕ್ಲಚ್ ಪೆಡಲ್ ನೋಡ್ಬೇಕು. ರಬ್ಬರ್ ಪೂರಾ ಸವೆದು ಕಬ್ಬಿಣ ಫಳಫಳ ಅಂತೈತೆ. 600 ಗಂಟೆಗೆ ಹಂಗಾಗುತ್ತಾ? ಹಿಂದೆ ಬನ್ನಿ, ಟ್ರೇಲರ್ ಪಿನ್ನಿನ ತೂತು ಉದ್ದಕ್ಕೆ ಸವೆದೈತೆ. ಟೈರಿನ ಪಕ್ಕೇಲಿ ನಾಲ್ಕು ಅಂಕಿ ಓದಿ: 2316. ಅಂದ್ರೆ 2016ನೇ ಇಸವಿ, 23ನೇ ವಾರ. ಆರ್‌ಸಿ ಪ್ರಕಾರ ನಾನು ಹುಟ್ಟಿದ್ದು 2019. ನನಗಿಂತ ನನ್ನ ಟೈರಿಗೇ ಮೂರು ವರ್ಷ ಜಾಸ್ತಿ. ಯಾವ ಗಾಡೀದು ಬಿಚ್ಚಿ ಹಾಕಿದ್ರೋ ಕೇಳ್ಬೇಡಿ.

ಪ್ರಶ್ನೆ: ಎಂಜಿನ್?

ಟ್ರ್ಯಾಕ್ಟರ್: ಕೈ ಇಡಿ. ಬೆಚ್ಚಗೈತಾ? ಗಿರಾಕಿ ಬರ್ತಾರೆ ಅಂತ ಬೆಳಿಗ್ಗೇನೇ ಸ್ಟಾರ್ಟ್ ಮಾಡಿ ಕಾಯಿಸಿಟ್ಟವ್ರೆ. ನೀವು ಹೇಳದೆ ಬರ್ಬೇಕು, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸ್ಬೇಕು. ನೀಲಿ ಹೊಗೆ ನಿಲ್ಲದೆ ಬರ್ತಿದ್ರೆ ಆಯಿಲ್ ಸುಡ್ತೈತೆ. ಆಯಿಲ್ ಮುಚ್ಚಳ ತೆಗೆದಾಗ ಅಲ್ಲೂ ಬುಸುಬುಸು ಅಂದ್ರೆ ರಿಂಗು, ಲೈನರ್ ಕಡೆ ಅನುಮಾನ ಪಡಿ. ರೋಟವೇಟರ್ ಎತ್ತಿ ಎಂಜಿನ್ ಆಫ್ ಮಾಡಿ, ಒಂದು ಬೀಡಿ ಹಚ್ಚಿ. ಬೀಡಿ ಮುಗಿಯೋದ್ರೊಳಗೆ ಅದು ನೆಲಕ್ಕೆ ಕೂತ್ರೆ ಹೈಡ್ರಾಲಿಕ್‌ನಲ್ಲಿ ಸೋರಿಕೆ ಐತೆ. ಇದೆಲ್ಲದಕ್ಕೂ ನಿಮ್ಮ ಮೆಕ್ಯಾನಿಕ್ ಹತ್ರ ರೇಟು ಬರೆಸಿ ನನ್ನ ಬೆಲೇಲಿ ಕಳೀರಿ.

ಪ್ರಶ್ನೆ: ಬರೀ ಅಡಿಕೆ ತೋಟದ ಗಾಡಿ ಅಂತ ದಲ್ಲಾಳಿ ಹೇಳಿದ.

ಟ್ರ್ಯಾಕ್ಟರ್: 9 ಅಡಿ ಸಾಲಲ್ಲಿ ನುಗ್ಗೋಕೆ ನನ್ನಂಥ ಸಣ್ಣೋನೇ ಸರಿ, ಅದು ನಿಜ. ಆದ್ರೆ ಎರಡು ಹಂಗಾಮು ಭದ್ರಾ ಅಚ್ಚುಕಟ್ಟಲ್ಲಿ ಕೇಜ್‌ವೀಲ್ ಕಟ್ಕೊಂಡು ಭತ್ತದ ಗದ್ದೆ ತುಳಿದಿದೀನಿ. ಮುಂದಿನ ಆಕ್ಸಲ್ ಬಿಚ್ಚಿಸಿದ್ರೆ ದಾವಣಗೆರೆ ಕೆಸರು ಇನ್ನೂ ಸಿಗುತ್ತೆ. ಬಣ್ಣ ಸುಮ್ನೆ ಹೊಡೀತಾರಾ?

ಪ್ರಶ್ನೆ: ಜಿಎಸ್‌ಟಿ ಇಳಿಯಿತಲ್ಲ, ನೀವೂ ಇಳಿದಿರಾ?

ಟ್ರ್ಯಾಕ್ಟರ್: ಮೆಲ್ಲಗೆ ಮಾತಾಡಿ ಸ್ವಾಮಿ! ಈ ಶೆಡ್ಡಲ್ಲಿ ಆ ಮಾತು ಎತ್ತಂಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿಗೆ ಶೇ 12 ಇದ್ದದ್ದು ಶೇ 5 ಆಯ್ತು. ತೆರಿಗೆ ಬಿಟ್ಟು 4 ಲಕ್ಷದ ಗಾಡಿಗೆ 28 ಸಾವಿರ ಕಮ್ಮಿ. ಟ್ರ್ಯಾಕ್ಟರ್ ಟೈರಿಗೂ ಶೇ 18ರಿಂದ 5. ಹೊಸದು ಇಳಿದ್ಮೇಲೆ ಹಳೇದು ಇಳೀಬೇಕಲ್ವಾ? ಯಜಮಾನ ‘ನಾನು ಕೊಂಡಾಗ 12 ಕಟ್ಟಿದೀನಿ’ ಅಂತಾನೆ, ಆ ದುಡ್ಡು ಇನ್ನೂ ನನ್ನ ಗೇರ್‌ಬಾಕ್ಸಲ್ಲೇ ಐತೆ ಅನ್ನೋ ಹಂಗೆ. ಸರ್ಕಾರದ ಸಬ್ಸಿಡೀನೂ ಸೇರಿಸಿ ‘ಇಷ್ಟಕ್ಕೆ ತಂದಿದ್ದು’ ಅನ್ನೋರೂ ಅವ್ರೆ.

ಪ್ರಶ್ನೆ: ಕಾಗದ ಪತ್ರ ಸರಿ ಇವೆಯಾ?

ಟ್ರ್ಯಾಕ್ಟರ್: ಆರ್‌ಸಿಲಿ ಸಾಲ ಕೊಟ್ಟೋರ ಹೆಸರು ಕೂತೈತೆ. ಎನ್‌ಒಸಿ, ಫಾರಂ 35 ಆರ್‌ಟಿಒಗೆ ಹೋಗೋವರ್ಗೂ ಅದು ಏಳಲ್ಲ. ಅದನ್ನ ಎಬ್ಬಿಸದೆ, ಫಾರಂ 29, 30ಕ್ಕೆ ಸಹಿ ಇಲ್ದೆ ದುಡ್ಡು ಕೊಟ್ರೆ ಯಜಮಾನನ ಕಂತಿನ ತಲೆನೋವು ನಿಮ್ಮ ಮನೆಗೆ ಬಂತು ಅಂತ್ಲೇ.

ಪ್ರಶ್ನೆ: ನಿಜ ಹೇಳಿ, ಎರಡು ಎಕರೆ ತೋಟಕ್ಕೆ ನೀವು ಬೇಕಾ?

ಟ್ರ್ಯಾಕ್ಟರ್: (ಸೈಲೆನ್ಸರ್ ಕೆಮ್ಮಿ) ಹೊಟ್ಟೆ ಮೇಲೆ ಹೊಡೀತೀರಲ್ಲ. ಹೋಬಳೀಲಿ ಕೃಷಿ ಯಂತ್ರಧಾರೆ ಕೇಂದ್ರ ಐತೆ, ಬಾಡಿಗೆಗೆ ಕೊಡ್ತಾರೆ. ವರ್ಷಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಬಾಡಿಗೆ, ಗುಣಿಸಿ ನೋಡಿ. ಆದ್ರೆ ಬಾಡಿಗೆ ಗಾಡಿ ಮುಂದೆ ಆಯುಧಪೂಜೆಗೆ ಕುಂಬಳಕಾಯಿ ಒಡೆಯೋಕಾಗಲ್ಲ, ಬೀಗರು ಬಂದಾಗ ಅಂಗಳದಲ್ಲಿ ನಿಲ್ಸೋಕಾಗಲ್ಲ. ಆ ಗತ್ತಿಗೂ ಒಂದಿಷ್ಟು ಕೊಡಿ, ಬೇಡ ಅನ್ನಲ್ಲ. ಅದನ್ನ ಬೇರೆ ಚೀಟೀಲಿ ಬರ್ಕೊಳ್ಳಿ, ಅಷ್ಟೇ.

ಅಷ್ಟರಲ್ಲಿ ದಲ್ಲಾಳಿ ಹಿರಿಯೂರಿನ ಗಿರಾಕಿಯೊಬ್ಬರನ್ನು ಕರೆದುಕೊಂಡು ಬಂದ. ಅವರು ಒಂದು ಸುತ್ತು ಹಾಕಿದರು, ಸೀಟಿನ ಮೇಲೆ ಕೂತು ಮಗನಿಂದ ಫೋಟೊ ತೆಗೆಸಿಕೊಂಡರು. ಇಳಿದು ಬಂದು ಹಿಂದಿನ ಚಕ್ರಕ್ಕೆ ಎರಡು ಸಲ ಒದ್ದು, ‘ಗಾಡಿ ಗಟ್ಟಿ ಐತೆ ಕಣಪ್ಪ’ ಎಂದರು. ದಲ್ಲಾಳಿ ಅಡ್ವಾನ್ಸಿಗೆ ಕೈ ಚಾಚಿದ.

ಟ್ರ್ಯಾಕ್ಟರ್ ನನ್ನ ಕಡೆ ಒಂದು ಹೆಡ್‌ಲೈಟ್ ಮಿಟುಕಿಸಿತು: ‘ನೋಡಿದ್ರಾ? ಸರಿಯಾಗಿ 2316ರ ಮೇಲೇ ಒದ್ದರು.’